ವರಾಂಡದ ಬಿ.ಎ.

"ಏ, ಬೆಂಚಿನ ಮ್ಯಾಲಿಂದ ಏಳ್ರಲೇ! ಅಂಚಿಯಾಗ ಓದೋ ಹಾಟ್ಯಾಗೊಳಿಗೆ ಹೊರಗ ಜಾಗ ಮಾಡೈತಿ, ನಡೀರಿ!"

ಕೂಗಿದವನು ಕಾಲೇಜು ಕಮಿಟಿಯ ಅಧ್ಯಕ್ಷ ಗುರುಸಂಗಪ್ಪ. ಅಂದು ಬಿ.ಎ. ಕೊನೆಯ ವರ್ಷದ ಪರೀಕ್ಷೆ. ಅಂಚೆಯಲ್ಲಿ ಬಂದ ಪಾಠ ಓದಿಕೊಂಡು ಬಂದವರು ನಾವು ಹತ್ತು-ಹನ್ನೆರಡು ಜನ. ನಾನು ಹುಲುಗಣ್ಣ, ಕೊಟ್ಟೂರಿನ ಶೇಂಗಾ ಮಿಲ್ಲಿನಲ್ಲಿ ಚೀಲ ಹೊರುವವನು. ಅದೇ ಮಿಲ್ಲಿನಲ್ಲಿ ಕಾಳು ಆರಿಸುವ ಎರ್ರೆಮ್ಮ ಊರಾಚೆಯ ನಮ್ಮ ಕೇರಿಯವಳೇ, ವರಸೆಯಲ್ಲಿ ತಂಗಿ. ಕಮಾಲಸಾಬ ಲಾರಿ ರಿಪೇರಿಯವನು.

ಎದ್ದು ಹೊರಬಂದೆವು. ವರಾಂಡದ ಬರಿ ನೆಲ. ಒಳಗೆ ಕಾಲೇಜಿನ ಹುಡುಗರಿಗೆ ಬೆಂಚು, ಫ್ಯಾನು. ಪ್ರಶ್ನೆಪತ್ರಿಕೆ ಮಾತ್ರ ಎಲ್ಲರಿಗೂ ಒಂದೇ.

ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯತೊಡಗಿದೆವು. ಏಪ್ರಿಲ್ ಬಿಸಿಲು ಕಂಬ ದಾಟಿ ಮೊದಲು ಕಾಲಿಗೆ, ಆಮೇಲೆ ಹಾಳೆಗೆ ಬಂತು. ಬೆವರು ಬಿದ್ದು ಕಮಾಲಸಾಬನ ಶಾಯಿ ಹರಡಿತು. ಎರ್ರೆಮ್ಮ ಗೋಡೆಯತ್ತ ಸರಿದಳು. ಬಿಸಿಲೂ ಸರಿಯಿತು.

ಗುರುಸಂಗಪ್ಪ ಮೇಲ್ವಿಚಾರಣೆಯ ಮೇಷ್ಟ್ರ ಜೊತೆ ಅಡ್ಡಾಡುತ್ತ ಬಂದು ನಮ್ಮೆದುರು ನಿಂತ.

"ನೋಡ್ರಿ ಮೇಷ್ಟ್ರ, ಹೋದ ವರ್ಷ ನಮ್ಮ ಕಾಲೇಜಿನ ಹುಡುಗ್ರು ಅರ್ಧಕ್ಕರ್ಧ ಪಾಸು. ಈ ಅಂಚಿಯೋರಾಗ ಇಬ್ರೋ ಮೂವರೋ. ತಲಿ ಇರಬೇಕ್ರಿ, ತಲಿ!" ಎರ್ರೆಮ್ಮನ ಕಡೆ ತಿರುಗಿದ. "ಏನಬೇ, ನಿಮ್ಮವ್ವ ನಮ್ಮ ಕೊಟ್ಟಿಗಿ ಸಗಣಿ ಬಾಚಿ ಬಾಚಿ ಸತ್ಲು. ನಿನಗ್ಯಾಕ ಬೇಕಾತು ಬಿ.ಎ.?"

ಅವಳ ಅವ್ವ ಭರಮಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಎರ್ರೆಮ್ಮನ ಪೆನ್ನು ನಿಂತಿತು. ಎದ್ದಳು.

"ಗೌಡ್ರ, ನಿಮ್ಮ ಮಗನ್ನ ಈ ಬಿಸಿಲಾಗ ಕುಂದ್ರಸ್ರಿ. ನನ್ನ ಅವನ ಬೆಂಚಿಗೆ ಕುಂದ್ರಸ್ರಿ. ಆಮ್ಯಾಲ ಎಣಸ್ರಿ ಪಾಸು ಫೇಲು."

"ಬಾಯಿ ಮುಚ್ಚೇ, ಬೋಸೂಡಿ!"

ಅವಳು ಹಾಳೆ, ಪೆನ್ನು ಹಿಡಿದು ಸೀದಾ ಒಳಗೆ ನಡೆದಳು. ಮುಂದಿನ ಸಾಲಿನಲ್ಲಿ ಬರೆಯುತ್ತಿದ್ದ ಗುರುಸಂಗಪ್ಪನ ಮಗನ ಪಕ್ಕದಲ್ಲೇ ಕೂತಳು. ಅವನು ಹಾವು ತುಳಿದವನ ಹಾಗೆ ಛಂಗನೆ ಎದ್ದ. ಹಿಂದಿನ ಬೆಂಚಿನವರೂ ಎದ್ದು ಗೋಡೆ ಸೇರಿದರು.

"ಎಳೀರಿ ಆಕಿನ್ನ ಹೊರಗ! ಪೊಲೀಸ್ನೋರಿಗೆ ಹೇಳಿಕಳಸ್ರಿ!" ಬಾಗಿಲಿಗೆ ಅಡ್ಡ ನಿಂತು ಗುರುಸಂಗಪ್ಪ ಅರಚಿದ.

ಎಳೆಯಬೇಕೆಂದರೆ ಮುಟ್ಟಬೇಕು. ಜವಾನ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಗಡಿಯಾರ ನೋಡಿದರು. ಒಬ್ಬರೂ ಮುಂದೆ ಬರಲಿಲ್ಲ.

ಎರ್ರೆಮ್ಮ ಬಿಟ್ಟಲ್ಲಿಂದ ಬರೆಯತೊಡಗಿದ್ದಳು. ತಲೆ ಎತ್ತದೆಯೇ ಕೂಗಿದಳು: "ಯಣ್ಣಾ, ಬೆಂಚು ಖಾಲಿ ಅದಾವು. ಎಲ್ಲಾರೂ ಎದ್ದು ಬರ್ರಿ."

ಕಮಾಲಸಾಬ ನನಗಿಂತ ಮೊದಲೇ ಹೊಸ್ತಿಲು ದಾಟಿದ. ಬಾಗಿಲಲ್ಲಿ ಪಕ್ಕಕ್ಕೆ ಸರಿದು ಹೋಗುವಷ್ಟು ಜಾಗವಿತ್ತು. ನಾನು ಸರಿಯಲಿಲ್ಲ. ಗುರುಸಂಗಪ್ಪನ ಹೆಗಲಿಗೆ ಹೆಗಲು ತಾಗಿಸಿಕೊಂಡೇ ಒಳಗೆ ಹೋದೆ.