ಲಿನಕ್ಸ್ ಶಿಬಿರದ ಶಾಲು

ಜನರ ಲ್ಯಾಪ್‌ಟಾಪ್‌ಗಳಿಗೆ ಪುಕ್ಕಟೆ ಲಿನಕ್ಸ್ ತಂತ್ರಾಂಶ ಹಾಕಿಕೊಡುವ ನಾಳಿನ ಶಿಬಿರಕ್ಕೆ ಡೊಂಬಿವಲಿಯ ಕನ್ನಡ ಸಂಘದ ಯತಿನ್ ಒಂದು ತಯಾರಿಯನ್ನೂ ಬಿಟ್ಟಿರಲಿಲ್ಲ. ದೀಪದ ಕಂಬ, ಪ್ರಾರ್ಥನೆಗೆ ಹುಡುಗಿಯರು, ಅತಿಥಿಗೆ ಶಾಲು, ಎಲ್ಲರಿಗೂ ಗೋಳಿಬಜೆ, ವಂದನಾರ್ಪಣೆಗೆ ಸ್ವತಃ ತಾನು. ಇಂಥ ಅಚ್ಚುಕಟ್ಟಿನ ಸಂಘಟಕ ಇಡೀ ಠಾಣೆ ಜಿಲ್ಲೆಯಲ್ಲಿಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡು, ಸೀವುಡ್ಸ್‌ನ ಲೋಲಾಕ್ಷಿ ದೊಡ್ಡಮ್ಮನಿಗೆ ಫೋನ್ ಮಾಡಿದ.

“ನಾಳೆ ಬೇಗ ಬನ್ನಿ ದೊಡ್ಡಮ್ಮ.”

“ಬರ್ತೇನೆ ಮಾರಾಯ. ಪಟ್ಟೆಸೀರೆಗೆ ಇಸ್ತ್ರಿಯೂ ಆಯ್ತು.”

“ಲ್ಯಾಪ್‌ಟಾಪ್ ಚಾರ್ಜ್ ಆಯ್ತಾ?”

“ಅದನ್ನೂ ತರ್ಬೇಕಾ? ನೀನು ಗ್ರೂಪಿನಲ್ಲಿ ಗೋಳಿಬಜೆ ಉಂಟು ಅಂತ ಮಾತ್ರ ಹಾಕಿದ್ದಲ್ವಾ!”

ಯತಿನ್ ಗ್ರೂಪ್ ತೆರೆದು ನೋಡಿದ. ಹೌದು, ಗೋಳಿಬಜೆಯ ಫೋಟೋ ಸಮೇತ ಹಾಕಿದ್ದ. ಲ್ಯಾಪ್‌ಟಾಪ್ ತನ್ನಿ ಎಂದು ಎಲ್ಲೂ ಬರೆದಿರಲಿಲ್ಲ.

ಅತಿಥಿಯ ಶಾಲನ್ನು ಬಿಚ್ಚಿ ತನಗೆ ತಾನೇ ಹೊದಿಸಿಕೊಂಡ. ಈ ಸನ್ಮಾನಕ್ಕೆ ತನಗಿಂತ ಯೋಗ್ಯರು ಇನ್ನಾರಿದ್ದಾರೆ?