ಮಡಚುವ ಕುರ್ಚಿ

ಫೆಬ್ರವರಿಯ ಒಂದು ಬೆಳಿಗ್ಗೆ ಆಫೀಸಿನವರು ಶಕುಂತಲಾಳ ಕುರ್ಚಿಯನ್ನು ತಳ್ಳಿಕೊಂಡು ಹೋದರು. ಎತ್ತರ ಏರಿಳಿಸುವ ಕುರ್ಚಿಗಳು ಕಾಯಂ ನೌಕರರಿಗೆ ಮಾತ್ರ ಎಂದು ಇಮೇಲ್ ಬಂದಿತ್ತು. ಕಂಟ್ರಾಕ್ಟಿನ ಹಳದಿ ಬ್ಯಾಡ್ಜಿನವರಿಗೆ ಮೀಟಿಂಗ್ ರೂಮಿನ ಮಡಚುವ ಕುರ್ಚಿ ಕೊಟ್ಟರು.

ಅದರಲ್ಲಿ ಕುಳಿತರೆ ಡ್ಯಾಲಸ್ಸಿನ ಆ ಆಫೀಸಿನ ಮೇಜು ಅವಳ ಎದೆಮಟ್ಟಕ್ಕೆ ಬರುತ್ತಿತ್ತು. ಹೆಗಲು ಎತ್ತಿ, ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ, ದಿನಕ್ಕೆ ಹನ್ನೊಂದು ತಾಸು ಟೈಪ್ ಮಾಡಿದಳು. ಐದು ತಿಂಗಳಿಗೆ ಬಲಗೈಯ ಮೂರು ಬೆರಳು ಜೋಮು ಹಿಡಿದವು. ಆ ಜೋಮು ಬಿಡಲಿಲ್ಲ.

ಆಗಸ್ಟಿನಲ್ಲಿ ಟೇಪು ಹಿಡಿದು ಒಬ್ಬ ಹೆಂಗಸು ಬಂದಳು. ಪರದೆ ಕಣ್ಣಿನ ಮಟ್ಟಕ್ಕಿದೆಯೇ, ಪಾದ ನೆಲಕ್ಕೆ ತಾಗುತ್ತದೆಯೇ ಎಂದು ನೋಡಿ ಬರೆದುಕೊಳ್ಳುವುದು ಅವಳ ಕೆಲಸ. ಶಕುಂತಲಾಳ ಮೊಣಕೈಗೆ ಟೇಪು ಹಚ್ಚಿದವಳು ಬ್ಯಾಡ್ಜಿನ ಬಣ್ಣ ಕಂಡದ್ದೇ, "ಸಾರಿ, ಯು ಆರ್ ನಾಟ್ ಆನ್ ಮೈ ಲಿಸ್ಟ್" ಎಂದು ಪಕ್ಕದ ಮೇಜಿಗೆ ಸರಿದಳು.

"ನಮ್ಮ ಮೊಳಕೈ ಏನು ಬ್ಯಾರೆ ಮಾಲಿಲೆ ಮಾಡ್ಯಾರೇನ್ರಿ ಅಕ್ಕಾ," ಎಂದ ಎದುರಿನ ಮಡಚುವ ಕುರ್ಚಿಯ ಶಶಿಕಾಂತ್. "ಹೆಣಾ ಎತ್ಲಿ ಇವರ್ದು."

"ಸುಮ್ನಿರಪಾ, ನಗಿಸಬ್ಯಾಡ. ನಕ್ರ ಕುತಗೀನೂ ನೋಯತೈತಿ."

ಮನೆಯಲ್ಲಿ ಮಗಳು ಪ್ರಗತಿಯ ಜಡೆ ಹೆಣೆಯಲು ಕೂತರೆ ಮೂರೆಳೆಯಲ್ಲಿ ಒಂದೆಳೆ ಬೆರಳಿನಿಂದ ಜಾರುತ್ತಿತ್ತು. ಹುಡುಗಿ ಒಂದು ವಾರ ತಾಳಿದಳು. ಆಮೇಲೊಂದು ದಿನ ಬಾತ್‌ರೂಮಿನಲ್ಲಿ ತಾನೇ ಕತ್ತರಿ ಹಿಡಿದು, ಕೂದಲನ್ನು ಕಿವಿಮಟ್ಟಕ್ಕೆ ಕತ್ತರಿಸಿಕೊಂಡು ಹೊರಬಂದಳು.

"ಇಟ್ಸ್ ಈಸಿಯರ್ ಫಾರ್ ಯು, ಅಮ್ಮಾ."

ಶಕುಂತಲಾ ಒಳಗೆ ಹೋಗಿ ನೆಲದ ಕೂದಲನ್ನು ಎಡಗೈಯಿಂದ ಬಳಿದು ಒಟ್ಟುಮಾಡಿದಳು. ಕಸದ ಡಬ್ಬಿಗೆ ಹಾಕಲು ಬಹಳ ಹೊತ್ತು ಹಿಡಿಯಿತು.

ಮಣಿಕಟ್ಟಿನ ನರ ಒತ್ತಿಕೊಂಡಿದೆ, ಕೆಲಸದಿಂದಲೇ ಆದದ್ದು, ಆಪರೇಷನ್ ತಡವಾದರೆ ಕೈಗೆ ಮತ್ತೆ ಬಲ ಬಾರದು ಎಂದು ಡಾಕ್ಟರು ಬರೆದುಕೊಟ್ಟರು. ಆ ಕಾಗದವನ್ನು ಅವಳು ಕನ್ಸಲ್ಟೆನ್ಸಿಯ ಮಾಲೀಕ ಉದಯಶಂಕರರಿಗೆ ಕಳಿಸಿದಳು. ಅವಳನ್ನು ಈ ಆಫೀಸಿಗೆ ಹಾಕಿದವರು ಅವರೇ, ವೀಸಾ ಇದ್ದದ್ದೂ ಅವರ ಹೆಸರಿನ ಮೇಲೆಯೇ. ಅವರು ಕೈಬಿಟ್ಟರೆ ಅರವತ್ತು ದಿನ; ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಗಂಡ, ಮಗಳು, ತಾನು ಮೂವರೂ ದೇಶ ಬಿಡಬೇಕು.

ಶನಿವಾರ ಊರಾಚೆ ಫ್ಲವರ್ ಮೌಂಡಿನ ಅವರ ಮನೆಯಲ್ಲಿ ಪೂಜೆ, ಬರಲೇಬೇಕೆಂದು ಫೋನು ಬಂತು. ತೀರ್ಥದ ಸಾಲಿನಲ್ಲಿ ಅವಳು ಎಡಗೈ ಒಡ್ಡಿದಳು. ಪುರೋಹಿತರು ಉದ್ಧರಣೆಯನ್ನು ಹಿಂದಕ್ಕೆಳೆದುಕೊಂಡರು.

"ಬಲಗೈಯಾಗ ನಿಲ್ಲಂಗಿಲ್ರಿ, ಸೋರತೈತಿ," ಎಂದಳು.

"ನಿಮ್ಮ ಕಡೆ ಎಲ್ಲಾ ನಡೆಯತ್ತೇನೋಮ್ಮಾ, ನಮ್ಮನೇಲಿ ಆಗಲ್ಲ," ಎಂದರು ಉದಯಶಂಕರ, ಎಲ್ಲರಿಗೂ ಕೇಳುವಂತೆ. "ಪಕ್ಕಕ್ಕೆ ನಿಂತ್ಕೋ. ಹಿಂದಿನವರಿಗೆ ದಾರಿ ಬಿಡು."

ಯಾರೋ ನಕ್ಕರು. ಅವಳು ಪಕ್ಕಕ್ಕೆ ನಿಂತಳು.

ಊಟವಾದ ಮೇಲೆ ಅವರು ಅವಳನ್ನು ತಮ್ಮ ಆಫೀಸ್ ಕೋಣೆಗೆ ಕರೆದರು. ಮೇಜಿನ ಗುಂಡಿ ಒತ್ತಿದರು, ಅದು ಗುಂಯ್ ಎಂದು ಅವಳ ಮೊಣಕೈ ಮಟ್ಟಕ್ಕೆ ಏರಿ ನಿಂತಿತು.

"ಆರಾಮಾಗಿ ನಿಂತ್ಕೊಂಡೇ ಸೈನ್ ಮಾಡು."

ಮೇಜಿನ ಮೇಲಿದ್ದ ಕಾಗದವನ್ನು ಅವಳು ಓದಿದಳು. ಕೈನೋವು ಮನೆಗೆಲಸದಿಂದ, ಹಲವು ವರ್ಷ ರೊಟ್ಟಿ ತಟ್ಟಿದ್ದರಿಂದ ಬಂದದ್ದು; ಕಂಪ್ಯೂಟರ್ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವಳ ಹೆಸರಿನಲ್ಲೇ ಬರೆದಿತ್ತು.

"ರೊಟ್ಟಿ ನಮ್ಮ ಮನಿಯವರು ತಟ್ಟತಾರ್ರೀ. ನನ್ನ ಕೈಲೆ ಆಗವಲ್ದು."

"ಅದನ್ನ ಯಾರು ಬಂದು ನೋಡ್ತಾರೆ? ಕ್ಲೈಂಟ್‌ಗೆ ಈ ಡಾಕ್ಟರ್ ಕಾಗದ ಹೋದ್ರೆ ಅಲ್ಲಿರೋ ನಮ್ಮ ನಲವತ್ತು ಜನಾನೂ ಕೆಲಸದಿಂದ ಎಬ್ಬಿಸ್ತಾರೆ. ನೀನು ಸೈನ್ ಮಾಡು, ನಿನಗೊಂದು ಒಳ್ಳೆ ಕುರ್ಚಿ ನಾನೇ ತರಿಸ್ಕೊಡ್ತೀನಿ."

"ಕೈ ಹೋದ ಮ್ಯಾಲ ಕುರ್ಚಿ ತಗೊಂಡು ಏನ್ ಮಾಡ್ಲಿ?"

"ನೋಡಮ್ಮಾ, ಮಗಳು ಸ್ಕೂಲಲ್ಲಿದಾಳೆ. ಸೋಮವಾರ ನಿನ್ನ ವೀಸಾ ಕ್ಯಾನ್ಸಲ್‌ಗೆ ನಾನೊಂದು ಮೇಲ್ ಹಾಕಿದ್ರೆ ಆಯ್ತು."

ಅವರು ಪೆನ್ನನ್ನು ಅವಳ ಬಲಗೈಯಲ್ಲಿಟ್ಟು, ಸತ್ತ ಬೆರಳುಗಳನ್ನು ಒಂದೊಂದಾಗಿ ತಾವೇ ಅದರ ಸುತ್ತ ಮಡಚಿದರು. ಅವಳು ಆ ಬೆರಳುಗಳನ್ನು ನೋಡುತ್ತ ನಿಂತಳು.

"ಹಾಕ್ರಿ ಮೇಲು," ಎಂದಳು. "ಸೈನ್ ನಾ ಮಾಡಂಗಿಲ್ಲ."