ಅಣ್ಣನ ಸಹಿ

ಅಮ್ಮನ ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ಸಕ್ಕರೆ ಕಾಯಿಲೆಯ ಗಾಯ ಒಳಗೊಳಗೇ ಕೊಳೆತು ಜ್ವರ ನೆತ್ತಿಗೇರಿತ್ತು. ಎಂದೋ ತೀರಿಹೋದ ಗಂಡನಿಗೆ ಅವಳು ವಾರ್ಡಿನ ಮಂಚದಿಂದಲೇ ಬಾಗಿಲು ಹಾಕಿಕೊಳ್ಳಲು ಹೇಳುತ್ತಿದ್ದಳು. ಇವತ್ತೇ ಬೆರಳು ತೆಗೆದರೆ ಪಾದ ಉಳಿಯುತ್ತದೆ ಎಂದರು ಸರ್ಜನ್. ಮಗಳು ಪೆನ್ನಿಗೆ ಕೈ ಚಾಚಿದಳು.

"ನೀವಲ್ಲಮ್ಮ," ಎಂದರು ಅವರು ಫೈಲು ತಿರುವುತ್ತ. "ತಮ್ಮ ಬುದ್ಧಿ ಸ್ಥಿಮಿತದಲ್ಲಿ ಇಲ್ಲದಾಗ ಮಗನೇ ತೀರ್ಮಾನ ತಗೋಬೇಕು ಅಂತ ನಿಮ್ಮ ತಾಯಿ ಅಧಿಕಾರಪತ್ರ ಬರೆದಿದ್ದಾರೆ. ಅವರನ್ನ ಕರೆಸಿ."

ಆ ಪತ್ರದ ವಿಷಯ ಅವಳಿಗೆ ಗೊತ್ತಿತ್ತು. ಹಿರಿಮಗನಿಗೆ ಮರ್ಯಾದೆ ಕೊಟ್ಟಂತಾಯಿತು, ಇರಲಿ ಎಂದು ತಲೆಗೆ ಹಾಕಿಕೊಂಡಿರಲಿಲ್ಲ, ಅಷ್ಟೆ. ವರ್ಷಗಳಿಂದ ಅಮ್ಮನಿಗೆ ಸ್ನಾನ ಮಾಡಿಸಿ, ಇನ್ಸುಲಿನ್ ಚುಚ್ಚಿ, ಉಗುರು ಕತ್ತರಿಸುತ್ತಿದ್ದವಳು ಅವಳೇ. ಮನೆಯ ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತ, ಕಿವಿ ಮಾತ್ರ ಒಳಗಿನ ಮಂಚದ ಕಡೆ ಇಟ್ಟುಕೊಂಡಿರುತ್ತಿದ್ದಳು. ಅಣ್ಣ ಅದೇ ಊರಿನ ಇನ್ನೊಂದು ತುದಿಯಲ್ಲಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕ ಕೂತು, ತನ್ನ ಬದಿಯ ಬ್ರೇಕಿನ ಮೇಲೆ ಪಾದವಿಟ್ಟುಕೊಂಡೇ ಅವನ ಹಗಲು ಕಳೆಯುತ್ತಿತ್ತು. ಕಾರಿನಿಂದಿಳಿದ ಮೇಲೂ ಆ ಪಾದ ಬ್ರೇಕಿನಿಂದ ಏಳುತ್ತಿರಲಿಲ್ಲ. ಹೊಸ ಚಪ್ಪಲಿಗೆಂದು ಹೋಗಿ, ಅಂಗಡಿ ಅಂಗಡಿ ಹತ್ತಿಳಿದು, ಕೊನೆಗೆ ಹಳೆಯದನ್ನೇ ಹೊಲಿಸಿಕೊಂಡು ಬರುವ ಆಸಾಮಿ.

ಬಂದವನು ಬೆರಳು ನೋಡಿ ಬಿಳಿಚಿಕೊಂಡ. "ಇನ್ನೊಬ್ಬ ಡಾಕ್ಟರನ್ನ ಕೇಳೋಣ."

"ಕೇಳೋದೇನಿದೆ? ಕಣ್ಣಿಗೆ ಕಾಣಲ್ವಾ?"

"ಕತ್ತರಿಸಿದ್ಮೇಲೆ ಜೋಡಿಸೋಕಾಗುತ್ತಾ? ಬಟ್ಟೆ ಕತ್ತರಿಸೋ ಹಾಗೆ ಮಾತಾಡ್ತೀಯಲ್ಲ."

"ಹಾಗಾದ್ರೆ ನನಗೆ ಬಿಟ್ಟುಕೊಡು. ನಾನು ಸಹಿ ಹಾಕ್ತೀನಿ."

"ಅಮ್ಮ ನನ್ನ ನಂಬಿ ಬರೆದಿದ್ದಾಳೆ, ಪುಟ್ಟಿ. ಹಾಗೆಲ್ಲ ಬಿಟ್ಟುಕೊಡೋಕೆ ಬರಲ್ಲ."

ಅವನು ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಕೆಟ್ಟವನಲ್ಲ. ದಿನಾ ಬರುತ್ತಿದ್ದ, ಅಮ್ಮನ ಹಣೆ ಮುಟ್ಟುತ್ತಿದ್ದ, ಪೆನ್ನು ಹಿಡಿಯುತ್ತಿದ್ದ, ಇಡುತ್ತಿದ್ದ, ಯಾರಿಗೋ ಫೋನ್ ಮಾಡಲು ವರಾಂಡಕ್ಕೆ ಹೋಗುತ್ತಿದ್ದ. ಅವಳು ಆಸ್ಪತ್ರೆಯ ಕೌಂಟರಿನಿಂದ ಕೌಂಟರಿಗೆ ಅಲೆದಳು. ಎಲ್ಲರೂ ಸಮಾಧಾನದಿಂದಲೇ ಕೇಳಿಸಿಕೊಂಡು, ಪತ್ರದಲ್ಲಿ ನಿಮ್ಮ ಹೆಸರಿಲ್ಲವಲ್ಲ ಎಂದರು. ಕೊನೆಗೂ ಅವನು ಸಹಿ ಹಾಕುವ ಹೊತ್ತಿಗೆ ಗಾಯ ಬೆರಳನ್ನು ದಾಟಿ ಹೋಗಿತ್ತು. ಅರ್ಧ ಪಾದವನ್ನೇ ತೆಗೆದರು. ಸಹಿ ಹಾಕುವಾಗ ಅವನು ಬಿಕ್ಕಿ ಬಿಕ್ಕಿ ಅತ್ತ. ನರ್ಸ್ ಅವನನ್ನು ಕೂರಿಸಿ ನೀರು ಕೊಟ್ಟಳು. ಪಕ್ಕದಲ್ಲೇ ನಿಂತಿದ್ದ ತಂಗಿಗೆ ಯಾರೂ ನೀರು ಕೊಡಲಿಲ್ಲ.

ಜ್ವರ ಇಳಿದು ಅಮ್ಮ ಮನೆಗೆ ಬಂದಳು. ಮಾತು ಮೊದಲಿನ ಹದಕ್ಕೆ ಬಂದಿದ್ದನ್ನು ನೋಡಿಕೊಂಡು ಮಗಳು ಒಬ್ಬ ವಕೀಲರನ್ನು ಮನೆಗೇ ಕರೆಸಿದಳು. ಪತ್ರದಲ್ಲಿ ತನ್ನ ಹೆಸರೂ ಸೇರಬೇಕು, ಅಷ್ಟೇ ಅವಳು ಕೇಳಿದ್ದು. ವಕೀಲರು ನಿಧಾನ ಮಾತಿನ ಹೆಂಗಸು. ಅಮ್ಮನ ಜೊತೆ ಒಬ್ಬರೇ ಮಾತಾಡಬೇಕು ಎಂದು ಇವಳನ್ನು ಹೊರಗೆ ಕಳಿಸಿದರು. ಪರದೆಯ ಈಚೆ, ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಎಲ್ಲವೂ ಕೇಳುತ್ತಿತ್ತು.

"ಮಕ್ಕಳೆಷ್ಟು ನಿಮಗೆ?"

"ಒಬ್ಬ ಮಗ."

"ಮಗಳು?"

"ಇಲ್ಲ."

"ಮತ್ತೆ ಆಚೆ ಕೂತಿರೋರು?"

"ಅವಳು ನಮ್ಮಮ್ಮ. ಬೆಳಗಾದ್ರೆ ಸ್ನಾನ ಮಾಡಿಸ್ತಾಳೆ, ತಿನ್ನದಿದ್ರೆ ಗದರಿಸ್ತಾಳೆ. ಅಮ್ಮ ಅಲ್ದೆ ಇನ್ಯಾರು?"

ವಕೀಲರು ಹೊರಬಂದು ಚೀಲದ ಜಿಪ್ಪು ಎಳೆದರು. "ಈ ಸ್ಥಿತಿಯಲ್ಲಿ ಹೊಸ ಪತ್ರ ಬರೆಸಿದ್ರೆ ನಿಲ್ಲಲ್ಲ. ಸ್ವಲ್ಪ ದಿನ ಹೋಗಲಿ."

"ತಮಾಷೆ ಮಾಡ್ತಿದ್ದಾಳೆ ಮೇಡಂ. ಅವಳು ಮೊದಲಿಂದ್ಲೂ ಹೀಗೇ."

"ಇರಬಹುದು. ಆದ್ರೆ ಅದು ತಮಾಷೆ ಅಂತ ನಿಮಗೆ ಗೊತ್ತು, ನನಗೆ ಹೇಗೆ ಗೊತ್ತಾಗ್ಬೇಕು?"

ಅವರನ್ನು ಗೇಟಿನವರೆಗೆ ಬಿಟ್ಟು ಬಂದವಳು ಮಂಚದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಬೇಕೂಂತ ಮಾಡಿದೆ ಅಲ್ವಾ?"

ಅಮ್ಮ ಹೊದಿಕೆಯ ಅಂಚು ಸರಿಮಾಡಿಕೊಂಡಳು. "ಪತ್ರ ಇಲ್ಲದಿದ್ರೂ ನೀನು ನನ್ನ ನೋಡ್ಕೋತೀಯ. ನಿನಗೂ ಅದರಲ್ಲಿ ಪಾಲು ಕೊಟ್ರೆ ಅವನು ನಿನ್ನ ಮೇಲೆ ಹಾಕಿ ಆರಾಮಾಗಿ ಇರ್ತಾನೆ. ಆಮೇಲೆ ಈ ಬಾಗಿಲಿಗೆ ಯಾಕೆ ಬರ್ತಾನೆ ಹೇಳು."

"ಅವನು ಬರ್ಲಿ ಅಂತ ಅರ್ಧ ಪಾದ ಕಳ್ಕೊಂಡ್ಯಲ್ಲಮ್ಮ."

"ಕಾಲು ನಂದು ತಾನೆ."

"ನಡೆಸೋಳು ನಾನು," ಎಂದಳು ಮಗಳು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು.

ಸಂಜೆ ಅಣ್ಣ ಬಂದಾಗ ಅವಳು ಹತ್ತಿ, ಔಷಧಿ, ಬ್ಯಾಂಡೇಜ್ ಇದ್ದ ತಟ್ಟೆಯನ್ನು ಅವನ ಕೈಗೇ ಇಟ್ಟಳು. "ಅಧಿಕಾರ ನಿಂದು. ಇನ್ಮೇಲೆ ದಿನಾ ಗಾಯ ಕಟ್ಟೋದೂ ನಿಂದೇ."

"ನನಗೆ ರಕ್ತ ಕಂಡ್ರೆ ಆಗಲ್ಲ ಕಣೇ."

"ನನಗೂ ಆಗ್ತಿರಲಿಲ್ಲ."

ಅವನು ಅಮ್ಮನ ಮುಖ ನೋಡಿದ. ಅಮ್ಮ ಖುಷಿಯಿಂದ ಕಾಲು ಚಾಚಿದಳು. ಅವನು ಬೆವರುತ್ತ, ಮುಖ ಆಚೆ ತಿರುಗಿಸುತ್ತ, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತ ಹೇಗೋ ಮುಗಿಸಿದ. ನಾಳೆಯೂ ಬರುತ್ತೇನೆ ಎಂದು ಹೇಳಿ ಹೋದ.

ಅವನ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕರಗುವ ಮೊದಲೇ ಪಟ್ಟಿ ಜಾರಿ ಅಮ್ಮನ ಹಿಮ್ಮಡಿಗೆ ಬಂದಿತ್ತು. ಮಗಳು ಹಲ್ಲು ಕಚ್ಚಿಕೊಂಡು ಕೈ ತೊಳೆದು ಬಂದು, ಎಲ್ಲ ಬಿಚ್ಚಿ ಮೊದಲಿಂದ ಕಟ್ಟತೊಡಗಿದಳು.

"ಅವನಿಗೆ ಹೇಳ್ಬೇಡ," ಎಂದಳು ಅಮ್ಮ. "ಬೇಜಾರು ಮಾಡ್ಕೋತಾನೆ."

"ಹೇಳ್ತೀನಿ," ಎಂದಳು ಮಗಳು. "ಕಾಲು ಅಲ್ಲಾಡಿಸ್ಬೇಡ."